ಎಚ್ಚೆಮ್ಮು ಕಾಪಾಡಿದ ಕಂಪ್ಯೂಟರು

ನಮ್ಮ ಎಚ್ಚೆಮ್ಮು ತೀರಿಕೊಂಡ ಮೇಲೆ, ಶಿವಗಣಾರಾಧನೆಯ ದಿನ, ಮಾಗಡಿ ಹತ್ತಿರದ ಅವರ ತೋಟದ ಮನೆಯಲ್ಲಿ ಊಟಕ್ಕೆ ಮುಂಚೆ ನಾಲ್ಕು ಜನ ಎದ್ದು ನಿಂತು ಮಾತಾಡಿದರು. ನಾಲ್ವರ ಬಾಯಲ್ಲೂ ಒಂದೇ ಮಾತು: ಯಾರಿಗೂ ಬೇಡವಾಗಿದ್ದ ಹಳೆಯ ಕಂಪ್ಯೂಟರನ್ನೂ ಅದರ ಪ್ರೋಗ್ರಾಮುಗಳನ್ನೂ ಮೂವತ್ತು ಚಿಲ್ಲರೆ ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ ಪುಣ್ಯಾತ್ಮ. ಅವರ ಮಗ ನನ್ನ ಕಡೆ ತಿರುಗಿ, “ಮೇಡಂ, ಅಪ್ಪಾಜಿ ಜೊತೇಲಿ ಕೆಲ್ಸ ಮಾಡ್ದೋರು ನೀವೊಬ್ರೇ ಬಂದಿರೋದು. ಎರಡು ಮಾತು ಹೇಳಿ” ಅಂದ. ಗಂಟಲು ಸರಿಯಿಲ್ಲ ಎಂದೆ. ಗಂಟಲು ಚೆನ್ನಾಗಿಯೇ ಇತ್ತು. ಬಾಯಿ ಬಿಟ್ಟಿದ್ದರೆ ಎಲೆಯ ಮುಂದೆ ಕೂತವರು ಎದ್ದು ಹೋಗುವಂಥ ಮಾತು ಬರುತ್ತಿತ್ತು.

ಆ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಚನ್ನಪಟ್ಟಣದ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅವರು ಅಲ್ಲಿ ಹೆಡ್ ಮಾಸ್ಟರು. ಎಲ್ಲರ ಬಾಯಲ್ಲಿ ಎಚ್ಚೆಮ್ಮು. ಪಾಠ ಇಂಗ್ಲಿಷು. ಬಿಳಿ ಪ್ಯಾಂಟು, ಬಿಳಿ ಷರಟು, ಹಣೆಯ ಮೇಲೆ ಮೂರೆಳೆ ವಿಭೂತಿ, ಜೇಬಿನಲ್ಲಿ ಒಂದು ಕೆಂಪು ಪೆನ್ನು. ಆ ಪೆನ್ನಿಗೆ ಕಂಡದ್ದೆಲ್ಲ ತಪ್ಪೇ. ಒಮ್ಮೆ ನನಗೆ ಜ್ವರ ಬಂದು, ರಜೆ ಬೇಕೆಂದು ಇಂಗ್ಲಿಷಿನಲ್ಲಿ ಚೀಟಿ ಬರೆದು ಕಳಿಸಿದ್ದೆ. ಮೂರು ಕಡೆ ಸೊನ್ನೆ ಸುತ್ತಿ, ಪಕ್ಕದಲ್ಲಿ ‘ಮಿಸ್ಟೇಕ್’ ಎಂದು ಬರೆದು, ಅದೇ ಚೀಟಿಯನ್ನು ವಾಪಸು ಕಳಿಸಿದರು. ತಿದ್ದಿ ಬರೆದುಕೊಟ್ಟ ಮೇಲೇ ರಜೆ. ನಮ್ಮ ಡ್ರಿಲ್ ಮೇಷ್ಟ್ರು ಮಗಳ ಲಗ್ನಪತ್ರಿಕೆ ಕೊಡಲು ಹೋದರೆ, ಅದರಲ್ಲಿದ್ದ ಎರಡು ಇಂಗ್ಲಿಷ್ ತಪ್ಪು ಗುರುತು ಹಾಕಿ ಅವರ ಕೈಗೇ ಕೊಟ್ಟರು. ಹಂಚುವುದಕ್ಕೆ ಇನ್ನೂ ಇನ್ನೂರು ಪತ್ರಿಕೆ ಬಾಕಿ ಇದ್ದವು. ಡ್ರಿಲ್ ಮೇಷ್ಟ್ರು ಹೊರಗೆ ಬಂದು, “ಹೆಣ್ಣು ಗಂಡು ಒಪ್ಪವ್ರೆ, ಈವಯ್ಯ ಒಪ್ಪಬೇಕಾ?” ಅಂದರು. ಒಳಗೆ ಕೇಳಿಸುವ ಹಾಗಲ್ಲ. ಒಳಗೆ ಕೇಳಿಸುವ ಹಾಗೆ ನಾವು ಯಾರೂ ಏನೂ ಹೇಳುತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಸರ್ಕಾರದ ಯಾವುದೋ ಯೋಜನೆಯಲ್ಲಿ ನಮ್ಮ ಶಾಲೆಗೆ ಎರಡು ಕಂಪ್ಯೂಟರು ಬಂದವು. ಈಗಿನವುಗಳಂತೆ ಅಲ್ಲ. ಮನೆಯಲ್ಲಿಟ್ಟುಕೊಂಡು ಟೀವಿಗೆ ಸಿಕ್ಕಿಸಿ ಬಳಸಲೆಂದು ಪರದೇಶದಲ್ಲಿ ಮಾಡಿದವು. ದಪ್ಪನೆಯ ಕೀಬೋರ್ಡು, ಕಂಪ್ಯೂಟರೆಲ್ಲ ಅದರ ಹೊಟ್ಟೆಯೊಳಗೇ. ಜೊತೆಗೆ ಒಂದು ಪೆಟ್ಟಿಗೆ ತುಂಬ ಅಗಲವಾದ, ಬಾಗುವ ಫ್ಲಾಪಿಗಳು. ಅದರಲ್ಲಿ ಪಾಠದ ಪ್ರೋಗ್ರಾಮುಗಳು, ನಾಲ್ಕಾರು ಖಾಲಿ ಫ್ಲಾಪಿ. ತರಬೇತಿಗೆ ಮೈಸೂರಿಗೆ ಯಾರಾದರೊಬ್ಬರು ಹೋಗಬೇಕಿತ್ತು. ಎಚ್ಚೆಮ್ಮು ತಾವು ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕೂರುವುದುಂಟೇ? ನನ್ನನ್ನು ಕಳಿಸಿದರು. ಮೂರು ವಾರ ಕಲಿತೆ. ಇಪ್ಪತ್ತನಾಲ್ಕು ವರ್ಷ ನನಗೆ. ವಾಪಸು ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ಬೆರಳಾಡಿಸಿಕೊಂಡು ಬಂದೆ.

ಬಂದು ನೋಡಿದರೆ ಕಂಪ್ಯೂಟರ್ ರೂಮಿಗೆ ನೀಲಿ ಪರದೆ, ನೆಲಕ್ಕೆ ಜಮಖಾನ, ಬಾಗಿಲಿಗೆ ಹಿತ್ತಾಳೆ ಬೀಗ. ಟೀವಿಯ ನೆತ್ತಿಯ ಮೇಲೂ ಮೂರೆಳೆ ವಿಭೂತಿ. ಮಕ್ಕಳಿಗೆ ಯಾವಾಗ ಶುರು ಮಾಡೋಣ ಸಾರ್ ಎಂದು ಕೇಳಿದೆ.

“ಏನ್ ಮೇಡಂ, ಬೆಳಿಗ್ಗೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ಬಂದ ಕೈಲಿ ಇದನ್ನ ಮುಟ್ಟುಸ್ತೀರಾ? ಅರ್ಧ ಜನದ ಕೈಲಿ ಬೊಂಬೆ ಬಣ್ಣ. ಒಂದು ಗುಂಡಿ ಕಿತ್ಕೊಂಡ್ ಬಂದ್ರೆ ಯಾರ್ ಜವಾಬ್ದಾರಿ? ನೀವ್ ಬರ್ಕೊಡ್ತೀರಾ?”

ನಾನು ಬರೆದುಕೊಡಲಿಲ್ಲ.

ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರು ಬಂದಾಗ ಬೀಗ ತೆಗೆಯುತ್ತಿದ್ದರು. ಜೊತೆಗೆ ಬಂದಿದ್ದ ಸ್ವಾಗತದ ಫ್ಲಾಪಿ ಒಂದನ್ನೇ ಬಿಚ್ಚಿದ್ದು. ನಾನು ಅದನ್ನು ಹಾಕಿ ಗುಂಡಿ ಒತ್ತಿದರೆ ಟೀವಿಯ ಮೇಲೆ ಒಂದು ಚಿತ್ರ ಬಂದು ಪೀಪೀ ಎಂದು ಹಾಡುತ್ತಿತ್ತು. ಇನ್ಸ್‌ಪೆಕ್ಟರು ತಲೆಯಾಡಿಸುತ್ತಿದ್ದರು. ಕಾಫಿ ಬರುತ್ತಿತ್ತು. ಬೀಗ ಬೀಳುತ್ತಿತ್ತು. ಪಾಠದ ಫ್ಲಾಪಿಗಳ ಪ್ಲಾಸ್ಟಿಕ್ ಹೊದಿಕೆಯನ್ನೂ ಹರಿಯಲಿಲ್ಲ. ಆಯುಧಪೂಜೆಗೆ ಮಾತ್ರ ಮಕ್ಕಳನ್ನು ಸಾಲಾಗಿ ಬಾಗಿಲವರೆಗೆ ಬಿಡುತ್ತಿದ್ದರು, ಮಂಗಳಾರತಿ ತಗೊಳ್ಳಲು.

ನನಗೆ ಸುಮ್ಮನಿರಲಾಗಲಿಲ್ಲ. ಸೀರೆ ಡಬ್ಬದ ಮುಚ್ಚಳಗಳ ಮೇಲೆ ಕೀಬೋರ್ಡು ಬರೆದು ಮಕ್ಕಳಿಗೆ ಹಂಚಿದೆ. ಅವರು ರಟ್ಟಿನ ಮೇಲೆ ಒತ್ತುತ್ತ ಬಾಯಲ್ಲಿ ಹೇಳುವುದು, ನಾನು ಕಂಪ್ಯೂಟರಾಗಿ ಅದರಂತೆ ಬೋರ್ಡಿನ ಮೇಲೆ ಬರೆಯುವುದು. ಒಂದು ದಿನ ಒಂದು ಪ್ರೋಗ್ರಾಮು ಕೊಟ್ಟೆ: ಮೊದಲ ಸಾಲು, ಒಂದಂಕಿ ಬರೆ, ಎರಡನೆಯ ಸಾಲು, ಒಂದು ಕೂಡಿಸಿ ಮೊದಲ ಸಾಲಿಗೆ ಹೋಗು. ಹತ್ತರವರೆಗೆ ಬರೆದು ಸೀಮೆಸುಣ್ಣ ಕೆಳಗಿಟ್ಟೆ. ಬೊಂಬೆ ಮಾಡುವವರ ಮನೆಯ ಹುಡುಗಿಯೊಬ್ಬಳು ಎದ್ದಳು.

“ಮಿಸ್, ಯಾಕ್ ನಿಲ್ಲುಸ್ಬುಟ್ರಿ?”

“ಹತ್ತಾಯ್ತಲ್ಲಮ್ಮ.”

“ನಿಲ್ಲು ಅಂತ ನಾವು ಹೇಳೇ ಇಲ್ವಲ್ಲ ಮಿಸ್. ಕಂಪ್ಯೂಟ್ರಾಗಿದ್ರೆ ಬರೀತಾನೇ ಇರದು.”

ನನ್ನ ಮೂವತ್ತಾರು ವರ್ಷದ ನೌಕರಿಯಲ್ಲಿ ಒಂದು ಮಗು ಕೊಟ್ಟ ಅತ್ಯುತ್ತಮ ಉತ್ತರ ಅದು. ಈ ಹುಡುಗಿಯನ್ನಾದರೂ ಒಂದು ಗಂಟೆ ಒಳಗೆ ಕೂರಿಸೋಣ ಸಾರ್ ಎಂದು ಅವತ್ತೇ ಹೋಗಿ ಕೇಳಿದೆ. ಎಚ್ಚೆಮ್ಮು ಕೆಂಪು ಪೆನ್ನಿನ ಮುಚ್ಚಳ ಹಾಕುತ್ತ, “ಮೊದ್ಲು ಅವ್ಳು ನೆಟ್ಟಗೆ ಒಂದು ಸೆಂಟೆನ್ಸ್ ಬರೀಲಿ” ಅಂದರು.

ಅವರು ನಿವೃತ್ತರಾಗುವುದಕ್ಕೆ ಆರು ತಿಂಗಳಿರುವಾಗ ಆ ಎರಡು ಕಂಪ್ಯೂಟರುಗಳನ್ನು ಗುಜರಿಗೆ ಹಾಕಲಾಯಿತು. ಕಾರಣದ ಕಾಲಮ್ಮಿನಲ್ಲಿ ಅವರದೇ ಮುದ್ದಾದ ಅಕ್ಷರದಲ್ಲಿ ಬರೆದಿತ್ತು: ‘ನಿರಂತರ ಬಳಕೆಯಿಂದ ಸವೆದು ನಿರುಪಯುಕ್ತವಾಗಿವೆ’. ಸಾಕ್ಷಿ ಸಹಿ ನನ್ನದು. ಹೌದು, ಹಾಕಿದೆ. ಹರಾಜಿನಲ್ಲಿ ಕೂಗಿದವರು ಅವರೊಬ್ಬರೇ. ಜಮಖಾನದಲ್ಲಿ ಸುತ್ತಿ, ಫ್ಲಾಪಿ ಪೆಟ್ಟಿಗೆಯ ಸಮೇತ ಒಂದು ಮೆಟಡೋರಿನಲ್ಲಿ ಮಾಗಡಿಗೆ ಸಾಗಿಸಿದರು. ಪೀಡೆ ತೊಲಗಿತು ಎಂದುಕೊಂಡೆ.

ಮತ್ತೆ ಅವರ ದನಿ ಕೇಳಿದ್ದು ನಾಲ್ಕು ವರ್ಷದ ಹಿಂದೆ. ನಾನು ರಿಟೈರಾಗಿ ಚನ್ನಪಟ್ಟಣದಲ್ಲಿದ್ದೆ. ಫೋನು.

“ಮೇಡಂ, ನಾನು ಎಚ್ಚೆಮ್ಮು. ಒಸಿ ಬಂದ್ಹೋಗಿ. ನಿಮ್ಗೆ ಅದರ ಕೆಲ್ಸ ಗೊತ್ತಲ್ಲ.”

ವಿಷಯ ಇಷ್ಟು. ಹಳೆಯ ಮನೆ ಕಂಪ್ಯೂಟರುಗಳಿಗೆಂದು ಬರೆದು, ಆಮೇಲೆ ಎಲ್ಲರೂ ಕೈಬಿಟ್ಟ ಪ್ರೋಗ್ರಾಮುಗಳನ್ನು ಹುಡುಕಿ ಮತ್ತೆ ಓಡುವಂತೆ ಮಾಡುವ ಹವ್ಯಾಸಿಗಳು ಇದ್ದಾರೆ. ಅಂಥವರ ಒಂದು ಗುಂಪು ಬೆಂಗಳೂರಿನಲ್ಲೂ ಇದೆ. ಅದರಲ್ಲೊಬ್ಬಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಭಾನುವಾರವೆಲ್ಲ ಇದೇ ಹುಚ್ಚು. ನಮ್ಮ ಶಾಲೆಗೆ ಕಂಪ್ಯೂಟರು ಕೊಟ್ಟ ಆ ಸರ್ಕಾರಿ ಯೋಜನೆಗಾಗಿ ಕನ್ನಡದಲ್ಲಿ ಮಾಡಿದ್ದ ಒಂದು ಮಗ್ಗಿಯ ಪ್ರೋಗ್ರಾಮನ್ನು ಅವಳು ವರ್ಷಗಟ್ಟಲೆ ಹುಡುಕುತ್ತಿದ್ದಳಂತೆ. ಹಳೆಯ ಪಟ್ಟಿಯಲ್ಲಿ ಹೆಸರಿತ್ತು, ಪ್ರತಿ ಎಲ್ಲೂ ಇರಲಿಲ್ಲ. ಮಕ್ಕಳು ಬಳಸಿದ ಕಡೆಯೆಲ್ಲ ಫ್ಲಾಪಿಗಳು ಸವೆದು, ಬಾಗಿ, ಕಳೆದು ಹೋಗಿದ್ದವು. ಹುಡುಕುತ್ತ ಹುಡುಕುತ್ತ ಎಚ್ಚೆಮ್ಮಿನ ಮಗನ ಫೋನಿಗೆ ತಲುಪಿ, ಅವನು ಅಟ್ಟದ ಮೇಲಿನ ಪೆಟ್ಟಿಗೆಯ ಫೋಟೋ ಕಳಿಸಿದ್ದ. ಪಾಠದ ಫ್ಲಾಪಿಗಳ ಪ್ಲಾಸ್ಟಿಕ್ ಸಹ ಹರಿದಿಲ್ಲ! ಅವಳಿಗೆ ನಿಧಿ ಸಿಕ್ಕಿದಂತಾಯಿತು. ಪತ್ರಿಕೆಯಲ್ಲಿ ಫೋಟೋ ಸಮೇತ ಸುದ್ದಿ ಬಂತು. ತಲೆಬರಹದಲ್ಲಿ ‘ಪರಂಪರೆ’ ಎಂಬ ಮಾತೂ ಇತ್ತು. ಮುಟ್ಟಲು ಬಿಡದೇ ಇದ್ದದ್ದೇ ಕಾಪಾಡಿದ್ದಾಯಿತು ನೋಡಿ. ಹಸಿದವರಿಗೆ ಬಡಿಸದೆ ಒಣಗಿಸಿಟ್ಟ ಅನ್ನವನ್ನು ತೋರಿಸಿ ದಾಸೋಹಿ ಎನಿಸಿಕೊಂಡ ಹಾಗೆ.

ಬಯ್ಯಬೇಕೆಂದೇ ಬಸ್ಸು ಹತ್ತಿದೆ. ಇನ್ನೊಂದು ಆಸೆಯೂ ಇತ್ತು, ಅದನ್ನು ಬಸ್ಸಿನಲ್ಲಿ ನನಗೆ ನಾನೇ ಒಪ್ಪಿಕೊಂಡಿರಲಿಲ್ಲ.

ಎಂಬತ್ತೆಂಟು ವರ್ಷದ ಎಚ್ಚೆಮ್ಮು ಅದೇ ಬಿಳಿ ಷರಟಿನಲ್ಲಿ ಕೂತಿದ್ದರು. ತಾನು ಬರುವವರೆಗೆ ಕರೆಂಟು ಕೊಡಬೇಡಿ ಎಂದು ಬೆಂಗಳೂರಿನ ಹುಡುಗಿ ಹೇಳಿದ್ದಳಂತೆ. ಆದರೆ ಯಾರೋ ಪತ್ರಿಕೆಯವರು ಬಂದಾಗ ಇವರು ಜಂಬಕ್ಕೆ ಒಂದರ ಸ್ವಿಚ್ಚು ಒತ್ತಿ, ಒಳಗಿಂದ ಢಬ್ ಎಂದು ದಟ್ಟ ಹೊಗೆ ಬಂದು ಮನೆಯೆಲ್ಲ ನಾರಿ, ಪತ್ರಿಕೆಯವರು ಕ್ಯಾಮೆರಾ ಎತ್ತಿಕೊಂಡು ತೋಟಕ್ಕೆ ಓಡಿದ್ದರು. ನಾನು ಹೋದಾಗ ಮಾಗಡಿಯ ಟೀವಿ ರಿಪೇರಿಯವನು ಅದನ್ನು ಬಿಚ್ಚಿ ಹರವಿಕೊಂಡಿದ್ದ. ಬೆಂಗಳೂರಿನ ಹುಡುಗಿ ಪಕ್ಕದಲ್ಲಿ ಟಾರ್ಚು ಹಿಡಿದಿದ್ದಳು.

“ಕೆಪಾಸಿಟರ್ ಸಿಡಿದೈತೆ ಸಾ, ಬೇರೇದೇನೂ ಇಲ್ಲ” ಅಂದ ಅವನು. “ಎಷ್ಟು ವರ್ಸದಿಂದ ಹಿಂಗೇ ಮಡಗಿದ್ರಿ?”

“ಜೋಪಾನವಾಗಿ ಇಟ್ಟಿದ್ದೆ ಕಣಯ್ಯ.”

“ಅದ್ಕೇ ಹಾಳಾಗಿರದು. ಆಗಾಗ ಓಡುಸ್ತಾ ಇದ್ದಿದ್ರೆ ಗೊತ್ತಾಗ್ಬುಡೋದು.”

ನನಗೆ ಆ ಮನುಷ್ಯನ ಕೈಗೆ ಮುತ್ತಿಡಬೇಕೆನಿಸಿತು.

ಅವನು ಹೊಸದನ್ನು ಬೆಸೆದ. ಹುಡುಗಿ ಒಂದೊಂದೇ ಫ್ಲಾಪಿ ತೆಗೆದು, ಹಿಡಿದಿದ್ದ ಬೂಷ್ಟನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ, ತಾನು ತಂದಿದ್ದ, ಫ್ಲಾಪಿ ಓದುವ ಒಂದು ಡಬ್ಬಿಗೆ ಹಾಕಿ, ಅದರಲ್ಲಿದ್ದದ್ದನ್ನು ಇದ್ದ ಹಾಗೆಯೇ ಲ್ಯಾಪ್‌ಟಾಪಿಗೆ ಎತ್ತಿಕೊಂಡಳು. ಮಗ್ಗಿಯ ಪ್ರೋಗ್ರಾಮು ಸಿಕ್ಕಿತು. ಆಮೇಲೆ ಅದನ್ನು ಹಳೆಯ ಯಂತ್ರದಲ್ಲೇ ಓಡಿಸೋಣ ಎಂದು ನನ್ನನ್ನು ಕೂರಿಸಿದಳು. ಮೈಸೂರಿನಲ್ಲಿ ಕಲಿತ ಆಜ್ಞೆ ಬೆರಳಿಗೆ ತಾನಾಗಿ ಬಂತು. ಕಪ್ಪು ಪರದೆಯ ಮೇಲೆ ಚೌಕ ಚೌಕ ಚುಕ್ಕಿಗಳಲ್ಲಿ ಒಂದು ಬಾವಿ, ಹಗ್ಗ, ಕೊಡ. ‘ಏಳಾರಲೆ?’ ಎಂದು ಕೇಳಿತು. ನಲವತ್ತೆರಡು ಎಂದು ಒತ್ತಿದೆ. ಕೊಡ ಒಂದು ಮೊಳ ಮೇಲೆ ಬಂತು. ಮುರುಕು ಮುರುಕಾದ ಕನ್ನಡದಲ್ಲಿ ‘ಭೇಷ್’ ಎಂದಿತು. ಹುಡುಗಿ ಚಪ್ಪಾಳೆ ತಟ್ಟಿದಳು. ನಾನು ತಪ್ಪಿಲ್ಲದೆ ಹನ್ನೆರಡು ಮಗ್ಗಿ ಒತ್ತಿ ನೀರು ಸೇದಿದೆ. ಅರವತ್ತು ದಾಟಿದ ಹೆಂಗಸು, ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

“ಸಾರ್, ಆಗ ಮಕ್ಕಳೆಲ್ಲ ಇದನ್ನ ಬಳಸ್ತಿದ್ರಾ?” ಎಂದು ಹುಡುಗಿ ಕೇಳಿದಳು.

“ದಿನಾ ಬಳಸ್ತಿದ್ರು ಕಣಮ್ಮ. ಇದೇ ಮೇಡಂ ಹೇಳ್ಕೊಡ್ತಿದ್ದಿದ್ದು.”

ನಾನು ಮುಂದಿನ ಮಗ್ಗಿ ಒತ್ತಿದೆ. ಸುಳ್ಳು ಎನ್ನಲು ಕೀಬೋರ್ಡಿನ ಮೇಲಿನ ಬೆರಳು ಎತ್ತಬೇಕಾಗುತ್ತಿತ್ತಲ್ಲ.

ಆ ಪ್ರೋಗ್ರಾಮು ಈಗ ಫೋನಿನಲ್ಲೂ ನೋಡಲು ಸಿಗುತ್ತದೆ. ನಮ್ಮ ಬೊಂಬೆ ಮನೆಯ ಹುಡುಗಿಗೆ ಈಗ ಐವತ್ತು ದಾಟಿದೆ. ಚನ್ನಪಟ್ಟಣದಲ್ಲೇ ಅವಳ ಸ್ವಂತ ಬೊಂಬೆ ಕಾರ್ಖಾನೆ ಇದೆ. ಒಂದು ಮಧ್ಯಾಹ್ನ ಹೋಗಿ ತೋರಿಸಿದೆ. ತಿರುಗುತ್ತಿದ್ದ ಲೇತು ನಿಲ್ಲಿಸಿ, ಕೈ ಒರೆಸಿಕೊಂಡು, ಎರಡು ನಿಮಿಷ ನೋಡಿದಳು. ಒಂದು ಮಗ್ಗಿ ಒತ್ತಿದಳು. ಕೊಡ ಮೇಲೆ ಬಂತು. “ಚೆಂದಾಗೈತೆ ಮಿಸ್” ಎಂದು ಫೋನು ಹಿಂದಕ್ಕೆ ಕೊಟ್ಟು, “ಈಗ ಇದ್ಕಿಂತ ಚೆಂದಾಗಿರೋವು ನನ್ ಮೊಮ್ಮಗಳ ಫೋನಲ್ಲಿ ಬತ್ತವೆ. ಆಗ ಸಿಕ್ಕಿದ್ರೆ ಏನೋ…” ಎಂದು ಅರ್ಧಕ್ಕೇ ಬಿಟ್ಟು ಲೇತು ಹಾಕಿದಳು. ಸಂಜೆಯೊಳಗೆ ಕೊಡಬೇಕಾದ ಆರ್ಡರು ಇತ್ತು. ಪ್ರೋಗ್ರಾಮನ್ನೇನೋ ಬದುಕಿಸಬಹುದು. ಹದಿಮೂರು ವರ್ಷದ ಹುಡುಗಿಯನ್ನು ಎಲ್ಲಿಂದ ತರುವುದು?

ಎಚ್ಚೆಮ್ಮಿನ ಮೇಲೆ ಇಷ್ಟು ಸಿಟ್ಟು ಇಟ್ಟುಕೊಂಡೇ ನಾನು ಅವರ ಕತೆ ಮುಗಿಸುತ್ತಿದ್ದೆನೇನೋ. ಮೂರು ತಿಂಗಳ ಮೇಲೆ ಬೆಂಗಳೂರಿನ ಹುಡುಗಿ ಫೋನು ಮಾಡಿದಳು.

“ಮೇಡಂ, ಪೆಟ್ಟಿಗೇಲಿದ್ದ ಖಾಲಿ ಫ್ಲಾಪಿಗಳಲ್ಲಿ ಒಂದು ಖಾಲಿ ಇಲ್ಲ. ಯಾರೋ ಇಪ್ಪತ್ತೊಂಬತ್ತು ಚಿಕ್ಕ ಚಿಕ್ಕ ಪ್ರೋಗ್ರಾಮ್ ಬರೆದು ಉಳಿಸಿದ್ದಾರೆ. ಒಂದೂ ಓಡಲ್ಲ. ಸಾರ್‌ನ ಕೇಳಿದ್ರೆ ತಕ್ಷಣ ಅಳಿಸಿಬಿಡಿ ಅಂತ ಕೂಗಾಡಿದ್ರು. ನಾವು ಯಾವುದನ್ನೂ ಅಳಿಸಲ್ಲ. ಆದ್ರೆ ಅವರು ಬೇಡ ಅಂದ್ರೆ ಬೇರೆಯವ್ರಿಗೆ ತೋರ್ಸಕ್ಕಾಗಲ್ಲ. ನೀವೊಂದ್ಸಲ ನೋಡ್ತೀರಾ?”

ನೋಡಿದೆ. ಮೊದಲನೆಯದು ಒಂದೇ ಸಾಲು: ‘ಗುಡ್ ಈವನಿಂಗ್’ ಎಂದು ಪರದೆಯ ಮೇಲೆ ಬರೆಯಲು ಯಂತ್ರಕ್ಕೆ ಹೇಳುವುದು. ಪುಸ್ತಕದ ಮೊದಲ ಪುಟದ ಪಾಠ. ಎರಡನೆಯದೂ ಅದೇ. ಮೂರನೆಯದೂ ಅದೇ. ಆಜ್ಞೆಯನ್ನು ಆ ಯಂತ್ರಕ್ಕೆ ಪೂರ್ತಿ ದೊಡ್ಡಕ್ಷರದಲ್ಲಿ ಕೊಡಬೇಕು. ಪುಸ್ತಕದಲ್ಲೂ ಹಾಗೇ ಇತ್ತು. ಆದರೆ ಬರೆದವರು ಒಳ್ಳೆಯ ಇಂಗ್ಲಿಷಿನ ಪದ್ಧತಿಯಂತೆ ‘ಪ್ರಿಂಟ್’ ಎಂಬುದರ ಮೊದಲಕ್ಷರ ಮಾತ್ರ ದೊಡ್ಡದು ಮಾಡಿ, ಉಳಿದದ್ದನ್ನು ಚಿಕ್ಕಕ್ಷರದಲ್ಲಿ ಬರೆದಿದ್ದರು. ಹಾಗೆ ಬರೆದರೆ ಆ ಯಂತ್ರ ಪರದೆಯ ಮೇಲೆ ಒಂದೇ ಮಾತು ಹೇಳುತ್ತದೆ: ‘ಮಿಸ್ಟೇಕ್’. ಓಡಿಸಲು, ಉಳಿಸಲು ಪ್ರತ್ಯೇಕ ಕೆಂಪು ಗುಂಡಿಗಳಿದ್ದುದರಿಂದ ಅವೆರಡು ಕೆಲಸ ಮಾತ್ರ ಆಜ್ಞೆ ಬರೆಯದೆಯೇ ನಡೆದಿದ್ದವು. ಹನ್ನೆರಡನೆಯದರಲ್ಲಿ ಕೊನೆಗೆ ಪೂರ್ಣವಿರಾಮ ಸೇರಿತ್ತು. ಹತ್ತೊಂಬತ್ತನೆಯದರಲ್ಲಿ ‘ಪ್ಲೀಸ್ ಪ್ರಿಂಟ್’. ಇಪ್ಪತ್ತೊಂಬತ್ತನೆಯದು, ಕೊನೆಯದು: ‘ಕೈಂಡ್ಲಿ ಪ್ರಿಂಟ್’.

ನಕ್ಕೆ. ಒಬ್ಬಳೇ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ನಗು ನಿಂತ ಮೇಲೆ ನೆನಪಾಯಿತು: ಆಗೆಲ್ಲ ಸಂಜೆ ಶಾಲೆ ಬಿಟ್ಟ ಮೇಲೆ ಜವಾನನನ್ನೂ ಮನೆಗೆ ಕಳಿಸಿ, “ರಿಜಿಸ್ಟರ್ ಬರೆಯೋದೈತೆ” ಎಂದು ಎಚ್ಚೆಮ್ಮು ಆ ರೂಮಿನ ಬಾಗಿಲು ಒಳಗಿಂದ ಹಾಕಿಕೊಳ್ಳುತ್ತಿದ್ದರು. ಎದುರು ಕೂತು ಕಲಿಸಲು ನಾನಿದ್ದೆ. ಒಂದು ಮಾತು ಕೇಳಿದ್ದರೆ ಅರ್ಧ ನಿಮಿಷದ ಕೆಲಸ.

ಮುಂದಿನ ವಾರ ಮಾಗಡಿಗೆ ಹೋದೆ. ಹಾಸಿಗೆ ಹಿಡಿದಿದ್ದರು. ಮಗ ಹೊರಗಿದ್ದ. ನನ್ನನ್ನು ಕಂಡದ್ದೇ, “ಅಳಿಸಿದ್ರಾ?” ಅಂದರು.

“ಇಲ್ಲ ಸಾರ್. ನೀವು ಮೊದ್ಲು ಬರೆದಿದ್ದೇ ಸರಿ ಇತ್ತು. ದೊಡ್ಡಕ್ಷರದಲ್ಲಿ ಬರೀಬೇಕಿತ್ತು, ಅಷ್ಟೇ.”

ದಿಂಬಿಗೆ ಮೊಣಕೈ ಊರಿ ಏಳಲು ನೋಡಿದರು.

“ಅಷ್ಟೇನಾ?”

“ಅಷ್ಟೇ.”

“ಯಾರೂ ಹೇಳ್ಲಿಲ್ವಲ್ಲ.”

“ನೀವು ಯಾರನ್ನೂ ಕೇಳ್ಲಿಲ್ವಲ್ಲ ಸಾರ್. ನಿಮ್ಗೆ ಬರಲ್ಲ ಅನ್ನೋದು ಹೊರಗೆ ಬೀಳ್ಬಾರದು ಅಂತ ಅಷ್ಟು ಮಕ್ಕಳಿಗೆ ಬೀಗ ಹಾಕಿದ್ರಿ. ಆ ಬೊಂಬೆ ಮನೆ ಹೆಣ್ಮಗು ನಿಮ್ಗಿಂತ ಮುಂಚೆ ಕಲಿತುಬಿಡ್ತಾಳೆ ಅನ್ನೋ ಹೆದರಿಕೆ.”

ಮೂವತ್ತೈದು ವರ್ಷದಿಂದ ಗಂಟಲಲ್ಲಿದ್ದದ್ದು ಬಂದೇ ಬಿಟ್ಟಿತು. ಅವರು ಮುಖ ತಿರುಗಿಸಲಿಲ್ಲ. ಹೆಡ್ ಮಾಸ್ಟರ ಹಳೆಯ ದನಿಯಲ್ಲೇ ಹೇಳಿದರು: “ಬೀಗ ನಾನು ಹಾಕ್ದೆ, ಸರಿ. ಕೀಲಿ ಕೊಡಿ ಅಂತ ನೀವೊಂದ್ಸಲ ಬರವಣಿಗೇಲಿ ಕೇಳಿದ್ರಾ ಮೇಡಂ? ಮೇಲಿನೋರಿಗೆ ಒಂದು ಅರ್ಜಿ ಹಾಕಿದ್ರಾ? ಸವೆದೈತೆ ಅಂತ ನಾನು ಬರ್ದಾಗ ಪಕ್ಕದಲ್ಲಿ ಸೈನ್ ಯಾರ್ದು?”

ವರ್ಗಾವಣೆಯ ಹೆದರಿಕೆ ಇತ್ತು ಎನ್ನಬಹುದಿತ್ತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಷ್ಟು ವರ್ಷ ಅವರನ್ನು ತಿರಸ್ಕಾರ ಮಾಡುವುದೇ ನಾನು ಮಾಡಿದ ಹೋರಾಟ ಎಂದುಕೊಂಡಿದ್ದೆ. ಸೆರಗು ಸರಿಮಾಡಿಕೊಂಡು ಏಳಲು ಹೋದೆ.

“ನಿಲ್ಲಿ” ಅಂದರು. “ದೊಡ್ಡಕ್ಷರದಲ್ಲಿ ಬರೆಯೋದು ಯಾವ ಗ್ರಾಮರಲ್ಲೈತೆ?”

“ಯಾವುದ್ರಲ್ಲೂ ಇಲ್ಲ ಸಾರ್. ಆ ಯಂತ್ರಕ್ಕೆ ಹಾಗೆ.”

“ಹಂಗಾದ್ರೆ ಮಿಸ್ಟೇಕು ಯಂತ್ರದ್ದು.” ಮುಖದಲ್ಲಿ ಒಂದು ಕಳೆ ಬಂತು. “ಅಳಿಸೋದು ಬ್ಯಾಡ. ಎಲ್ಲಾರ್ಗೂ ತೋರ್ಸೋಕೆ ಹೇಳಿ ಆ ಬೆಂಗಳೂರು ಮಗೀಗೆ. ನಾನು ಬರೆದ ಇಂಗ್ಲಿಷಲ್ಲಿ ತಪ್ಪಿಲ್ಲ ಅಂತ ಜನ ನೋಡ್ಲಿ.”

ಬದಲಾಗುವ ಪೈಕಿಯೇ ಅಲ್ಲ. ನಾಚಿಕೆ ಮುಚ್ಚಿಸಿಟ್ಟದ್ದನ್ನು ಜಂಬ ಬಿಚ್ಚಿಸಿತು.

ಹುಡುಗಿ ಅವರ ಹೆಸರು ಹಾಕದೆ, ‘ಶಾಲೆಯ ಖಾಲಿ ಫ್ಲಾಪಿಯಲ್ಲಿ ಸಿಕ್ಕ ಇಪ್ಪತ್ತೊಂಬತ್ತು ಪ್ರೋಗ್ರಾಮುಗಳು’ ಎಂದಷ್ಟೇ ಬರೆದು ತಮ್ಮ ಸಂಗ್ರಹದಲ್ಲಿ ಇಟ್ಟಳು. ಅದು ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದಾದ ಸಂಗ್ರಹ. ಅವರು ತೀರಿಕೊಂಡದ್ದು ಈ ವರ್ಷ. ಶಿವಗಣಾರಾಧನೆಯ ಊಟ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಅವಳ ಫೋನು ಬಂತು.

“ಮೇಡಂ, ಆ ಇಪ್ಪತ್ತೊಂಬತ್ತರ ಕೆಳಗೆ ಯಾವುದೋ ದೇಶದವರೊಬ್ರು ಬರೆದಿದ್ದಾರೆ. ತಾವು ಚಿಕ್ಕವರಿದ್ದಾಗ ಇದೇ ಯಂತ್ರದಲ್ಲಿ ಇದೇ ತಪ್ಪು ಮಾಡಿ ಒಂದು ವಾರ ಅತ್ತಿದ್ರಂತೆ. ಈ ಮಗು ಎಷ್ಟು ವಿನಯವಂತ, ಎಷ್ಟು ಛಲ, ‘ಕೈಂಡ್ಲಿ’ ಅಂತೆಲ್ಲ ಬೇಡಿಕೊಂಡಿದೆ, ಇಂಥ ಮಕ್ಕಳಿಗೆ ಬಾಗಿಲು ತೆರೆದ ಶಾಲೆಗೆ ನಮಸ್ಕಾರ ಅಂತ ಬರೆದಿದ್ದಾರೆ. ಆ ಮಗೂಗೆ ಆಗ ಎಷ್ಟು ವಯಸ್ಸು ಅಂತ ಕೇಳ್ತಿದ್ದಾರೆ. ಏನ್ ಬರೀಲಿ?”

ಬಸ್ಸು ಬಂದು ನಿಂತಿತ್ತು. ಕಂಡಕ್ಟರು ಹತ್ತಿ ಹತ್ತಿ ಎನ್ನುತ್ತಿದ್ದ.

“ಆ ಶಾಲೇಲಿ ಯಾವ ಮಗೂನೂ ಅದನ್ನ ಮುಟ್ಟಲಿಲ್ಲ ಅಂತ ಬರಿ” ಅಂದೆ. “ಗಣಿತದ ಮೇಡಂ ಕೀಲಿ ಕೇಳಲಿಲ್ಲ ಅಂತಾನೂ ಬರಿ. ಇದನ್ನ ಬರೆದವರಿಗೆ ಆಗ ಐವತ್ತೆರಡು ವರ್ಷ.”